ಸೈಮಿಯ ಗೋಡೆಯ ಕೆಂಪು ಗೂಟ

ನೆಸ್ಟರ್ ಕರ್ವಕ್ಕೊನನ್ನು ಪುಕ್ಕಲ ಎಂದು ಕರೆಯದವರು ನಮ್ಮ ರಸ್ತೆಯಲ್ಲಿ ಇಬ್ಬರೇ ಇಬ್ಬರು. ಒಬ್ಬಳು ಅವನ ತಾಯಿ. ಅವಳು ಸತ್ತು ಎಷ್ಟೋ ವರ್ಷವಾಗಿತ್ತು. ಇನ್ನೊಬ್ಬಳು ಸೈಮಿ ಲಾಂಪಿ. ಉಳಿದವರೆಲ್ಲ ಅವನ ಮುಖದ ಮೇಲೇ ಕರೆಯುತ್ತಿದ್ದರು. ಅವನೂ ತನ್ನ ಹೆಸರೇ ಅದೇನೋ ಎಂಬಂತೆ ತಿರುಗಿ ನೋಡುತ್ತಿದ್ದ.

ಕರೆಯದೆ ಏನು ಮಾಡುತ್ತಾರೆ ಹೇಳಿ. ಸರೋವರದ ಕೊಲ್ಲಿ ಕಲ್ಲಾಗಿ ಹೆಪ್ಪುಗಟ್ಟಿ, ಅದರ ಮೇಲೆ ಜನ ಲಾರಿಯನ್ನೇ ಓಡಿಸಿಕೊಂಡು ಮೀನು ಹಿಡಿಯಲು ಹೋಗುತ್ತಿದ್ದರೆ, ಇವನು ದಡದಲ್ಲಿ ನಿಂತು ಕೈ ಬೀಸುತ್ತಿದ್ದ. ಸೌನಾದಲ್ಲಿ, ಅಂದರೆ ಬಿಸಿ ಹಬೆಯ ಸ್ನಾನದ ಮನೆಯಲ್ಲಿ, ಮೇಲಿನ ಹಲಗೆಗೆ ಹತ್ತಿದವನಲ್ಲ. ಬಿಸಿ ತಲೆಗೇರಿ ಬಿದ್ದುಬಿಟ್ಟರೆ ಎಂದು ಕೆಳಗಿನ ಹಲಗೆಯಲ್ಲಿ ಚಿಕ್ಕ ಮಕ್ಕಳ ಜೊತೆ ಕೂರುತ್ತಿದ್ದ. ಮೂವತ್ತು ಚಿಲ್ಲರೆ ವರ್ಷ ಶಾಲೆಯ ಬಸ್ಸು ಓಡಿಸಿದ. ಹಿಮದ ದಿನ ಅವನ ಬಸ್ಸಿಗಿಂತ ಹಸು ಬೇಗ ಹೋಗುತ್ತದೆ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ಆದರೆ ಆ ಬಸ್ಸು ಒಂದೇ ಒಂದು ದಿನವೂ ಚರಂಡಿಗೆ ಇಳಿಯಲಿಲ್ಲ. ಅದನ್ನು ಯಾರೂ ಹೊಗಳಲಿಲ್ಲ ಬಿಡಿ. ತಡವಾಗಿ ಬಂದದ್ದನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಂಡರು.

ಈ ಹೆದರಿಕೆಗೆಲ್ಲ ಮೂಲ ಅವನ ಚಿಕ್ಕಪ್ಪ ಆರ್ವಿಡ್‌ನ ಬಲಗೈ. ಆರ್ವಿಡ್ ಒಂದು ಬೆಳಿಗ್ಗೆ ಹಿಮ ತೆಗೆಯುವ ಬ್ಲೋವರ್ ಯಂತ್ರದಲ್ಲಿ ಕಟ್ಟಿಕೊಂಡ ಹಿಮವನ್ನು ಎಂಜಿನ್ ನಿಲ್ಲಿಸದೆಯೇ ಕೆರೆಯಲು ಹೋದ. ಕೈಗೆ ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು. ಆಗ ನೆಸ್ಟರ್ ಪಕ್ಕದಲ್ಲೇ ನಿಂತಿದ್ದ. ಯಂತ್ರದ ಸೊಂಡಿಲಿನಿಂದ ಹೊರಬಿದ್ದ ಹಿಮ ಗುಲಾಬಿ ಬಣ್ಣಕ್ಕಿತ್ತು ಎಂದು ಅವನು ಒಬ್ಬಳಿಗೆ ಮಾತ್ರ ಹೇಳಿದ್ದ, ಸೈಮಿಗೆ.

ಇಂಥವನು ಬಸ್ಸಿನ ಕೆಲಸ ಬಿಟ್ಟಮೇಲೆ ಹಿಮ ತೆಗೆಯುವುದಕ್ಕೇ ಕೈಹಾಕಿದ ಎಂದರೆ ನಂಬುತ್ತೀರಾ? ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರು ಅವನದು. ಚಳಿಗಾಲ ಬಂತೆಂದರೆ ಅದರ ಮೂತಿಗೆ ಬ್ಲೋವರ್ ಕಟ್ಟುತ್ತಿದ್ದ. ಮುಂದೆ ತಿರುಪಿನಂಥ ಹಲ್ಲುಗಳು ಗರಗರ ತಿರುಗಿ ಹಿಮವನ್ನು ಒಳಗೆಳೆದುಕೊಳ್ಳುತ್ತವೆ, ಮೇಲಿನ ಸೊಂಡಿಲು ಅದನ್ನು ದೂರಕ್ಕೆ ಉಗಿಯುತ್ತದೆ. ಸೊಂಡಿಲನ್ನು ಬೇಕಾದ ಕಡೆಗೆ ತಿರುಗಿಸಬಹುದು. ಸೊಂಡಿಲು ಕಟ್ಟಿಕೊಂಡರೆ ಮಾತ್ರ ನೆಸ್ಟರನದೊಂದು ಪೂಜೆಯೇ ನಡೆಯುತ್ತಿತ್ತು. ಎಂಜಿನ್ ನಿಲ್ಲಿಸಬೇಕು. ಕೀಲಿಯನ್ನು ಕಿತ್ತು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು. ಕೀಲಿ ತನ್ನ ಬಾಯಲ್ಲಿದ್ದರೆ ಎಂಜಿನ್ ತಾನಾಗಿ ಹೊತ್ತಿಕೊಳ್ಳುವುದಿಲ್ಲವಲ್ಲ, ಅದು ಅವನ ಸಮಾಧಾನ. ಆಮೇಲೆ ಹಳೇ ಗುದ್ದಲಿಯ ಕಾವನ್ನು ತೂರಿಸಿ ಚುಚ್ಚಬೇಕು. ಕೈ ಹಾಕುವ ಮಾತೇ ಇಲ್ಲ. ಕೊರೆಯುವ ಚಳಿಯಲ್ಲಿ ಆ ಕಬ್ಬಿಣದ ಕೀಲಿ ತುಟಿಗೆ ಅಂಟಿಕೊಂಡು ಎಷ್ಟೋ ಸಲ ಚರ್ಮವನ್ನೇ ಕಿತ್ತುಕೊಂಡು ಬಂದಿತ್ತು. ಅವನ ಕೆಳತುಟಿ ಮಾರ್ಚ್ ತಿಂಗಳವರೆಗೆ ಒಡೆದೇ ಇರುತ್ತಿತ್ತು.

ತನ್ನ ಮನೆಯ ದಾರಿ, ರಸ್ತೆ ಬದಿಯ ಅಂಚೆ ಡಬ್ಬಿಗಳ ಸಾಲು, ಆಮೇಲೆ ಸೈಮಿಯ ಮನೆ. ಇಷ್ಟು ಅವನ ಪಾಲಿನ ಕೆಲಸ. ಸೈಮಿಯ ಗಂಡ ವಾಲ್‌ಫ್ರಿಡ್ ತೀರಿಕೊಂಡ ಮೊದಲ ಚಳಿಗಾಲ ಯಾರೂ ಹೇಳದೆಯೇ ಹೋಗಿ ತೆಗೆದು ಬಂದ. ಅಲ್ಲಿಂದ ಅದೇ ರೂಢಿಯಾಯಿತು. ನಮ್ಮಲ್ಲಿ ಹಿಮ ತೆಗೆದವನಿಗೆ ಹಣ ಕೊಟ್ಟರೆ ಬೈದ ಹಾಗೆ. ಕಾಫಿ ಕೊಡಬೇಕು. ಅವನು ಬೂಟು ಬಿಚ್ಚಿ ಒಳಗೆ ಬಂದು ಕೂತು ಕುಡಿಯಬೇಕು. ಬೇಡ ಎಂದು ಹೊರಟುಹೋದರೆ ಅವನು ಅವಳಿಗೆ ಬೈದ ಹಾಗೆ.

ನೆಸ್ಟರನ ಹೆದರಿಕೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸೈಮಿಯ ಅಡುಗೆಮನೆ. ಆ ಹೆದರಿಕೆಗಾಗಿ ಅವನು ವಾರವಿಡೀ ಕಾಯುತ್ತಿದ್ದ. ಒಳಗೆ ಏಲಕ್ಕಿ ಹಾಕಿದ ನಿಸು ಎಂಬ ಸಿಹಿ ರೊಟ್ಟಿಯ ಘಮ, ನೆಲದ ಮೇಲೆ ಅವಳೇ ಚಿಂದಿಯಿಂದ ನೇಯ್ದ ಹಾಸು, ಮೇಜಿನ ಆಚೆ ಅವಳು. ಇವನ ಕೈಯಲ್ಲಿದ್ದ ಕಾಫಿ ಕಪ್ ತಟ್ಟೆಗೆ ಬಡಿದು ಕಟಕಟ ಸದ್ದಾಗುತ್ತಿತ್ತು. ಕಾಫಿ ಅರ್ಧಕ್ಕರ್ಧ ತಟ್ಟೆಗೆ ಚೆಲ್ಲುತ್ತಿತ್ತು. ಅವಳು ನೋಡಿಯೂ ನೋಡದ ಹಾಗೆ ಸಕ್ಕರೆ ತುಂಡುಗಳ ಬಟ್ಟಲನ್ನು ಮುಂದೆ ತಳ್ಳುತ್ತಿದ್ದಳು. ಹಲ್ಲಿನಲ್ಲಿ ಸಕ್ಕರೆ ಕಚ್ಚಿಕೊಂಡು ಅದರ ಮೂಲಕ ಕಾಫಿ ಹೀರುವುದು ನಮ್ಮ ಅಜ್ಜ ಅಜ್ಜಿಯರ ಕಾಲದ ಚಟ.

"ಕೀಲಿ ಕಚ್ಚೋಕೆ ಬರತ್ತೆ, ಸಕ್ಕರೆ ಕಚ್ಚೋಕೆ ಬರಲ್ವೇನೋ ನಿಂಗೆ?" ಎನ್ನುತ್ತಿದ್ದಳು. "ತಗೋ. ಇದು ತುಟಿಗೆ ಅಂಟ್ಕೊಳಲ್ಲ."

ಅವನು ತಗೊಳ್ಳುತ್ತಿರಲಿಲ್ಲ. ಸಕ್ಕರೆ ಹಲ್ಲಿಗೆ ಕೆಟ್ಟದ್ದು ಎನ್ನುತ್ತಿದ್ದ. ನಿಜಕ್ಕೂ ಅವನಿಗೆ ಭಯವಿದ್ದದ್ದು, ಬಾಯಿ ತೆರೆದರೆ ಇನ್ನೇನಾದರೂ ಮಾತು ಹೊರಗೆ ಬಂದುಬಿಟ್ಟೀತು ಎಂದು.

ಆ ಜನವರಿಯ ಶನಿವಾರ ನಡೆದದ್ದನ್ನು ಹೇಳಬೇಕು. ಆಗಿನ್ನೂ ಮೊಬೈಲ್ ಫೋನುಗಳು ನಮ್ಮ ಕಡೆ ಕಾಲಿಟ್ಟಿರಲಿಲ್ಲ. ಬೆಳಿಗ್ಗೆ ನೆಸ್ಟರ್ ಪೆಟ್ರೋಲು ತರಲು ಸಹಕಾರಿ ಅಂಗಡಿಗೆ ಹೋಗಿದ್ದ. ಅಲ್ಲಿ ಮೆಲ್ವಿನ್ ಜುಂಟಿ ಒಲೆಗೆ ಬೆನ್ನು ಕಾಯಿಸುತ್ತ ನಿಂತಿದ್ದ. ಮೆಲ್ವಿನನ ಮನೆ ಸೈಮಿಯ ಮನೆಯ ಆಚೆಗೆ. ಮನುಷ್ಯ ಒಳ್ಳೆಯವನೇ, ಆದರೆ ಬಾಯಿಗೆ ಬಾಗಿಲಿಲ್ಲ.

"ಬಂದ್ನಪ್ಪ ನಮ್ಮ ಮದುಮಗ!" ಎಂದ ಮೆಲ್ವಿನ್, ಅಂಗಡಿಗೆ ಅಂಗಡಿಯೇ ತಿರುಗಿ ನೋಡುವ ಹಾಗೆ. "ಏನೋ ನೆಸ್ಟರ್, ಇವತ್ತೂ ಸೈಮಿ ಮನೆಗಾ? ನೀನು ಅಲ್ಲಿಗೆ ಹಿಮ ತೆಗೆಯೋಕೆ ಹೋಗ್ತೀಯೋ, ಹೆಣ್ಣು ಕೇಳೋಕೆ ಹೋಗ್ತೀಯೋ?"

"ಹಿಮ... ಹಿಮ ತೆಗೆಯೋಕೆ."

"ಒಂದು ಗಂಟೆ ಹಿಮ ತೆಗೀತೀಯ, ಎರಡು ಗಂಟೆ ಕಾಫಿ ಕುಡೀತೀಯ! ಇನ್ನೂ ಎಷ್ಟು ಲೋಟ ಕುಡಿದ್ರೆ ಬಾಯಿ ಬಿಡ್ತೀಯ ಮಾರಾಯ? ಅಷ್ಟ್ರಲ್ಲಿ ಅವಳಿಗೆ ವಯಸ್ಸು ಎಪ್ಪತ್ತಾಗತ್ತೆ!"

ಎಲ್ಲರೂ ನಕ್ಕರು. ನೆಸ್ಟರನ ಕಿವಿ ಕೆಂಪಗೆ ಕಾದವು. ಅವನು ಪೆಟ್ರೋಲಿನ ಡಬ್ಬಿ ಎತ್ತಿಕೊಂಡು ಚಿಲ್ಲರೆಯನ್ನೂ ಇಸಿದುಕೊಳ್ಳದೆ ಹೊರಬಿದ್ದ. ಊರೆಲ್ಲ ಹೀಗೇ ಮಾತಾಡಿಕೊಳ್ಳುತ್ತಿದೆಯೇ? ಸೈಮಿಯ ಕಿವಿಗೂ ಬಿದ್ದಿದೆಯೇ? ಅವಳು ಪಾಪ, ದಾಕ್ಷಿಣ್ಯಕ್ಕೆ ಕಾಫಿ ಕೊಡುತ್ತಿದ್ದರೆ? ಇವತ್ತು ಕಾಫಿಗೆ ಒಳಗೆ ಹೋಗುವುದು ಬೇಡ ಎಂದು ತೀರ್ಮಾನಿಸಿದ.

ಅವತ್ತು ಗಾಳಿಯೂ ಕೆಟ್ಟಿತ್ತು. ನಮಗೆ ಗಾಳಿ ಎಂದರೆ ಸರೋವರದ ಕಡೆಯಿಂದ ಬರುವುದು. ಸೈಮಿಯ ಮನೆಯಲ್ಲಿ ಅದು ಮನೆಯಿಂದ ಬಯಲಿನ ಕಡೆಗೆ ಬೀಸುತ್ತದೆ. ಸೊಂಡಿಲನ್ನು ಬಯಲಿಗೆ ತಿರುಗಿಸಿಟ್ಟರೆ ಆಯಿತು, ಹಿಮವೆಲ್ಲ ಅತ್ತ ಹಾರಿಹೋಗುತ್ತದೆ. ಎಷ್ಟೋ ಚಳಿಗಾಲದಿಂದ ಹಾಗೇ ನಡೆದಿತ್ತು. ಅವತ್ತು ಗಾಳಿ ತಿರುಗಿ ಬಯಲಿನ ಕಡೆಯಿಂದಲೇ ಹೊಡೆಯುತ್ತಿತ್ತು. ಬಯಲಿಗೆ ಎಸೆದ ಹಿಮವೆಲ್ಲ ವಾಪಸ್ಸು ನೆಸ್ಟರನ ಮುಖಕ್ಕೆ ರಾಚಿತು. ಕಣ್ಣು ಕಾಣದು, ಉಸಿರು ಸಿಕ್ಕದು. ಬೇಗ ಮುಗಿಸಿ ಕಾಲು ಕೀಳಬೇಕು ಎಂಬುದೊಂದೇ ತಲೆಯಲ್ಲಿತ್ತು. ಹಿಂದುಮುಂದು ನೋಡದೆ ಸೊಂಡಿಲನ್ನು ಮನೆಯ ಕಡೆಗೆ ತಿರುಗಿಸಿಬಿಟ್ಟ. ಹಿಮ ಹೋಗಿ ಮನೆಯ ಪಕ್ಕದ ಗೋಡೆಗೆ ಬಿದ್ದು ರಾಶಿಯಾಯಿತು. ಹಿಂಬಾಗಿಲಿಗೆ ಹೋಗುವ ಓಣಿಯಲ್ಲಿ ಆ ರಾಶಿ ಜಾರಿ ಬಂದಿತ್ತು. ಅದನ್ನೂ ನುಂಗಿಸಿದ. ಒಂದು ಕಡೆ ಹಲ್ಲಿಗೆ ಏನೋ ಸಿಕ್ಕಿ ಟಕ್ ಎಂದಿತು. ಮಂಜುಗಡ್ಡೆ ಇರಬೇಕು ಎಂದುಕೊಂಡ.

ಮುಗಿಸಿ ತಿರುಗುವಾಗ ಅಡುಗೆಮನೆಯ ಕಿಟಕಿಯಲ್ಲಿ ಸೈಮಿ ಕಾಣಿಸಿದಳು. ಕಾಫಿಯ ಕೆಟಲನ್ನು ಎತ್ತಿ ತೋರಿಸಿ ಒಳಗೆ ಬಾ ಎಂದು ಕೈ ಮಾಡಿದಳು. ನೆಸ್ಟರ್ ಎಂಜಿನ್ ಕಡೆ ನೋಡುತ್ತಿರುವವನಂತೆ ತಲೆ ತಗ್ಗಿಸಿದ. ಆಮೇಲೆ, ಇನ್ನೂ ಕೆಲಸವಿದೆ ಎಂಬಂತೆ ರಸ್ತೆಯ ಕಡೆ ಕೈ ತೋರಿಸಿ ಹೊರಟೇಬಿಟ್ಟ. ಅವಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಮನೆಗೆ ಬಂದು ತಣ್ಣಗಿದ್ದ ಆಲೂಗಡ್ಡೆ ತಿಂದ. ನೆಮ್ಮದಿಯಿಲ್ಲ. ಅವಮಾನ ಮಾಡಿ ಬಂದೆನಲ್ಲ ಎಂದು ಕೊರೆಯುತ್ತಿತ್ತು. ಕೈ ಸುಮ್ಮನಿರದೆ ಶೆಡ್ಡಿಗೆ ಹೋಗಿ ಬ್ಲೋವರ್ ಒರೆಸಲು ಕೂತ. ಕೀಲಿ ಕಿತ್ತ, ಹಲ್ಲಿನಲ್ಲಿ ಕಚ್ಚಿದ, ಕಾವಿನಿಂದ ಹಲ್ಲುಗಳ ನಡುವಿನ ಹಿಮ ಕೆದಕಿದ. ಬೆರಳುದ್ದದ ಮರದ ಚೂರೊಂದು ನೆಲಕ್ಕೆ ಬಿತ್ತು.

ಅದರ ಒಂದು ಬದಿಗೆ ಕೆಂಪು ಬಣ್ಣ ಬಳಿದಿತ್ತು.

ನೆಸ್ಟರ್ ಅದನ್ನು ಎತ್ತಿಕೊಂಡು ತಿರುವಿ ನೋಡಿದ. ಅವನ ಕಡೆ ಕೆಂಪು ಬಣ್ಣದ ಮರ ಎಲ್ಲೂ ಇಲ್ಲ. ಇದ್ದದ್ದು ಒಂದೇ ಕಡೆ. ಸೈಮಿಯ ಮನೆಯ ಪಕ್ಕದ ಗೋಡೆಯ ಬಳಿ, ಮಂಡಿಯ ಎತ್ತರಕ್ಕೆ, ಗ್ಯಾಸ್ ಹೀಟರಿನ ಹೊಗೆ ಹೊರಬರುವ ಕೊಳವೆಯ ಮುಂದೆ. ವಾಲ್‌ಫ್ರಿಡ್ ಸಾಯುವ ಹಿಂದಿನ ವರ್ಷ ತನ್ನ ಕೈಯಾರೆ ನೆಟ್ಟ ಗೂಟ ಅದು. 'ಈ ಗೂಟದ ಈಚೆಗೆ ಒಂದು ಹಿಡಿ ಹಿಮಾನೂ ಬೀಳಬಾರ್ದು ಕಣೋ,' ಎಂದು ನೆಸ್ಟರನಿಗೂ ತೋರಿಸಿದ್ದ. 'ಕೊಳವೆ ಮುಚ್ಚಿಹೋದ್ರೆ ಹೊಗೆ ಒಳಗೇ ತಿರುಗತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದೋರು ಏಳಲ್ಲ.'

ಗಾಳಿ, ಸೊಂಡಿಲು, ಗೋಡೆ, ಆ ಟಕ್ ಎಂಬ ಸದ್ದು, ಎಲ್ಲ ಒಟ್ಟಿಗೆ ತಲೆಗೆ ಹೊಡೆದವು. ಅಯ್ಯೋ ದೇವರೇ, ನಾನೇ ಮುಚ್ಚಿಬಿಟ್ಟೆನಲ್ಲಾ!

ಓಡಿಹೋಗಿ ಫೋನ್ ಹಚ್ಚಿದ. ಸೈಮಿಯ ಮನೆಯಲ್ಲಿ ಗಂಟೆ ಹೊಡೆಯಿತು. ಹೊಡೆಯುತ್ತಲೇ ಇತ್ತು. ಸೌನಾಕ್ಕೆ ಕಟ್ಟಿಗೆ ಹಾಕಲು ಹೋಗಿರಬಹುದು ಎಂದು ಮನಸ್ಸು ಹೇಳಿತು. ಸುಳ್ಳು, ಅವಳು ಸೌನಾ ಹಚ್ಚುವುದು ಸಂಜೆಗೆ ಎಂದು ಅದೇ ಮನಸ್ಸು ತಿರುಗಿ ಹೇಳಿತು. ಇಟ್ಟು ಮತ್ತೆ ಹಚ್ಚಿದ. ಎತ್ತುವವರಿಲ್ಲ. ತುರ್ತು ಸಹಾಯದ ನಂಬರಿಗೆ ಹಚ್ಚಿದ. ಮಾತಾಡಿದವಳು ಯಾರೋ ಹುಡುಗಿ, ದನಿ ಬಲು ತಣ್ಣಗೆ.

"ಸರ್, ಗಾಬರಿ ಆಗ್ಬೇಡಿ. ಆಂಬುಲೆನ್ಸ್ ಕಳಿಸ್ತಿದೀನಿ. ಗಾಳಿಗೆ ರಸ್ತೆ ಮುಚ್ಚಿದೆ, ಸ್ವಲ್ಪ ತಡ ಆಗ್ಬಹುದು. ಹತ್ರ ಯಾರಿದಾರೆ?"

"ನಾನಿದೀನಿ," ಎಂದ ನೆಸ್ಟರ್. ಹೇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು.

"ಹಾಗಾದ್ರೆ ನೀವೇ ಹೋಗಿ. ಬಾಗ್ಲು ಕಿಟಕಿ ಎಲ್ಲಾ ತೆಗೀರಿ, ಅವ್ರನ್ನ ಹೊರಗೆ ಎಳ್ಕೊಂಡು ಬನ್ನಿ. ನೀವು ಒಳಗೆ ನಿಲ್ಬೇಡಿ, ತಿಳೀತಾ?"

ಮೆಲ್ವಿನ್ ಮನೆಗೂ ಹಚ್ಚಿದ. "ಮೆಲ್ವಿನ್, ಸೈಮಿ ಫೋನ್ ಎತ್ತುತ್ತಿಲ್ಲ..."

"ಎತ್ತಲ್ಲ ಕಣೋ! ಕಾಫಿ ಕುಡೀದೆ ಓಡಿಹೋದ್ಯಲ್ಲ, ನಮ್ಮನೆ ಕಿಟಕೀಲಿ ನೋಡ್ದೆ. ಮುನಿಸ್ಕೊಂಡಿರ್ತಾಳೆ ಬಿಡು. ಒಂದು ಹೂವಿನ ಗುಚ್ಛ..."

"ಮುಚ್ಚೋ ಬಾಯಿ!" ನೆಸ್ಟರ್ ಅರಚಿದ. ಜನ್ಮದಲ್ಲಿ ಅವನು ಯಾರ ಮೇಲೂ ಹಾಗೆ ಅರಚಿದವನಲ್ಲ. "ಕೊಳವೆ ಮುಚ್ಚಿದೆ. ಹೊಗೆ ಕೊಳವೆ! ನಾನೇ ಮುಚ್ಚಿದೆ. ಬಾ, ಬೇಗ ಬಾ!"

ಆಚೆ ಫೋನು ಧಪ್ಪೆಂದು ಬಿದ್ದ ಸದ್ದು.

ಅವನ ಪಿಕಪ್ ಗಾಡಿ ಮನೆ ಮುಂದೆ ಗಾಳಿ ತಂದ ಹಿಮದಲ್ಲಿ ಚಕ್ರದವರೆಗೆ ಹೂತಿತ್ತು. ಟ್ರ್ಯಾಕ್ಟರ್ ಹತ್ತಿದ. ರಸ್ತೆಗೆ ಬಂದರೆ ಸರ್ಕಾರದ ಹಿಮ ತೆಗೆಯುವ ಲಾರಿ ಒಂದು ಸುತ್ತು ಹೋಗಿಬಿಟ್ಟಿತ್ತು. ರಸ್ತೆ ಖಾಲಿ. ಟ್ರ್ಯಾಕ್ಟರನ್ನು ಅದರ ಜೀವಮಾನದಲ್ಲೇ ಓಡದಷ್ಟು ಜೋರಾಗಿ ಓಡಿಸಿದ. ಆ ಜೋರೂ ಎಷ್ಟಿದ್ದೀತು, ಹುಡುಗರು ಸೈಕಲ್ಲಿನಲ್ಲಿ ಹಿಂದೆ ಹಾಕಬಹುದು. "ಹೋಗೇ, ಹೋಗೇ ತಾಯಿ," ಎಂದು ಅದಕ್ಕೆ ಹೇಳುತ್ತ, ಸೀಟಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದ.

ಸೈಮಿಯ ದಾರಿಯ ಬಾಯಿಗೆ ಬಂದರೆ, ಇಲ್ಲಿ ಕೇಳಿ. ರಸ್ತೆ ಚೊಕ್ಕ ಮಾಡಿದ ಆ ಲಾರಿ ಹಿಮವನ್ನೆಲ್ಲ ಬದಿಗೆ ತಳ್ಳಿಕೊಂಡು ಹೋಗಿ ದಾರಿಯ ಬಾಯಿಗೆ ಎದೆಯೆತ್ತರದ ಗೋಡೆ ಕಟ್ಟಿಟ್ಟಿತ್ತು. ಪ್ರತಿ ಸಲ ಇದೇ ಗೋಳು, ನಾವು ತೆಗೆಯುವುದು, ಅವರು ಬಂದು ಮುಚ್ಚುವುದು. ಗೋಡೆಯ ಆಚೆ, ಬೆಳಿಗ್ಗೆ ತಾನು ತೆಗೆದ ದಾರಿ ಗಾಳಿಗೆ ಮತ್ತೆ ತುಂಬಿಹೋಗಿತ್ತು. ದೂರದಲ್ಲಿ ಮನೆ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು.

ಇಳಿದು ನಡೆದೇ ಹೋಗಲು ನೋಡಿದ. ಗೋಡೆ ಹತ್ತಿ ಆಚೆ ಇಳಿದವನು ತೊಡೆಯವರೆಗೆ ಹೂತುಹೋದ. ಮೊದಲೇ ಕೆಟ್ಟಿದ್ದ ಮಂಡಿ ಕಳಕ್ಕೆಂದಿತು. ಎದ್ದು ಮತ್ತೊಂದು ಹೆಜ್ಜೆ ಇಟ್ಟು ಮತ್ತೆ ಬಿದ್ದ. ಹೀಗೆ ಹೋದರೆ ತಾನೂ ದಾರಿಯಲ್ಲೇ ಹೆಣ. ಆಂಬುಲೆನ್ಸ್ ಬಂದರೂ ಹೊರಗೇ ನಿಲ್ಲಬೇಕು. ತೆವಳಿಕೊಂಡು ವಾಪಸ್ಸು ಬಂದು ಟ್ರ್ಯಾಕ್ಟರನ್ನು ಗೋಡೆಗೆ ನುಗ್ಗಿಸಿದ.

ಅರ್ಧ ಗೋಡೆ ಹೋಯಿತು. ಸೊಂಡಿಲಿನಿಂದ ಹಿಮ ಬರುವುದು ನಿಂತಿತು. ಎಂಜಿನ್ ಗೊರಗೊರ ಎಂದಿತು. ಕಟ್ಟಿಕೊಂಡಿತ್ತು.

ಕಾವಿಗಾಗಿ ಸೀಟಿನ ಹಿಂದೆ ಕೈ ಹಾಕಿದ. ಕಾವಿಲ್ಲ. ಶೆಡ್ಡಿನ ನೆಲದ ಮೇಲೆ ಬಿಟ್ಟು ಬಂದಿದ್ದ.

ನೆಸ್ಟರ್ ಆಗ ಅನುಭವಿಸಿದ ಹೆದರಿಕೆಯನ್ನು ನಾನು ಹೇಳಿದರೆ ನಿಮಗೆ ಅರ್ಥವಾಗುವುದೋ ಇಲ್ಲವೋ. ಎಂಜಿನ್ ನಿಲ್ಲಿಸಿದರೆ ಅದು ಮತ್ತೆ ಹೊತ್ತಿಕೊಳ್ಳುತ್ತದೆ ಎಂಬ ಭರವಸೆಯಿಲ್ಲ. ಆ ಟ್ರ್ಯಾಕ್ಟರಿನ ರೋಗವೇ ಅದು, ಬಿಸಿಯಾದಾಗ ನಿಲ್ಲಿಸಿದರೆ ಮೊಂಡು ಹಿಡಿಯುತ್ತದೆ. ನಿಲ್ಲಿಸದೆ ಕೈ ಹಾಕಿದರೆ ಒಂದು ಕ್ಷಣದ ಕೆಲಸ. ಎಲ್ಲರೂ ಹಾಗೇ ಮಾಡುತ್ತಾರೆ, ಮೆಲ್ವಿನ್ ದಿನಾ ಮಾಡುತ್ತಾನೆ. ಅವಳು ಒಳಗೆ ಸಾಯುತ್ತಿರುವಾಗ ನಿನ್ನ ಬೆರಳಿನ ಚಿಂತೆಯೇನೋ ಪುಕ್ಕಲ, ಎಂದು ತನ್ನನ್ನೇ ಬೈದುಕೊಂಡ. ಕೈಗವಸು ಕಿತ್ತೆಸೆದ. ಗುಡುಗುತ್ತಿದ್ದ ಬ್ಲೋವರಿನ ಮುಂದೆ ಮಂಡಿಯೂರಿ ಕೈ ಚಾಚಿದ. ಬೆರಳ ತುದಿ ಸೊಂಡಿಲಿನ ಅಂಚಿಗೆ ತಾಗಿತು. ಒಳಗಿನ ನಡುಕ ಮೂಳೆಗೆ ಇಳಿಯಿತು.

ಗುಲಾಬಿ ಬಣ್ಣದ ಹಿಮ ಕಣ್ಣಮುಂದೆ ಬಂತು.

ಆಗಲಿಲ್ಲ ಅವನಿಂದ. ಅಳುತ್ತಲೇ ಎದ್ದು ಎಂಜಿನ್ ನಿಲ್ಲಿಸಿದ. ಕೀಲಿ ಕಿತ್ತು ಹಲ್ಲಿನಲ್ಲಿ ಕಚ್ಚಿದ. ಆಮೇಲೆ, ಬದುಕಿನಲ್ಲಿ ಮೊದಲ ಸಲ, ಬರಿಗೈಯನ್ನು ಒಳಗೆ ತೂರಿಸಿದ. ಗಟ್ಟಿಯಾಗಿ ಏನೋ ಅಡ್ಡ ಸಿಕ್ಕಿಕೊಂಡಿತ್ತು. ಅಲ್ಲಾಡಿಸಿ ಜಗ್ಗಿದ. ಅದು ಕಿತ್ತುಕೊಂಡು ಬಂದ ಕೂಡಲೇ ಒಳಗಿನ ಹಲ್ಲುಗಳು, ಎಂಜಿನ್ ಇಲ್ಲದೆಯೇ, ಬಿಗಿ ಸಡಿಲಿ ಗರಕ್ಕನೆ ಅರ್ಧ ಸುತ್ತು ತಿರುಗಿ ನಿಂತವು. ಅಂಗಿಯ ತೋಳು ಹರಿಯಿತು. ಕೈ ಈಚೆಗಿತ್ತು. ಕೈಯಲ್ಲಿ ಕೆಂಪು ಗೂಟದ ಉಳಿದ ತುಂಡು ಇತ್ತು. ಸುಮ್ಮನೆ ನಿಂತ ಯಂತ್ರವೇ ಹೀಗೆ ಒದೆಯುವುದಾದರೆ, ಓಡುವ ಯಂತ್ರ ಮೊಣಕೈಯವರೆಗೆ ತಿಂದುಬಿಡುತ್ತಿತ್ತು. ಆಮೇಲೆ ಅವಳ ಹತ್ತಿರ ಹೋಗುವವರು ಯಾರು?

ಕೀಲಿ ತುಟಿಗೆ ಅಂಟಿತ್ತು. ಎಳೆದ. ಚರ್ಮ ಸಮೇತ ಬಂತು. ಬಾಯಿ ತುಂಬ ಉಪ್ಪುಪ್ಪು ರಕ್ತ. ತಿರುಗಿಸಿದ. ಖರ್ ಖರ್ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದ. ಮತ್ತೆ ಸುಮ್ಮನಾಯಿತು. "ಬೇಡ ಕಣೇ, ಇವತ್ತೊಂದು ದಿನ ಬೇಡ, ನಿನ್ನ ಕಾಲಿಗೆ ಬೀಳ್ತೀನಿ," ಎಂದ. ಮೂರನೆಯ ಸಲ ಕೆಮ್ಮಿ, ಕಪ್ಪು ಹೊಗೆ ಕಕ್ಕಿ, ಹೊತ್ತಿಕೊಂಡಿತು.

ಮನೆ ತಲುಪುವವರೆಗೆ ಏನು ಮಾಡಿದನೆಂಬುದು ಅವನಿಗೆ ನೆನಪಿಲ್ಲ. ಬಾಗಿಲಿಗೆ ಬೀಗ ಹಾಕುವ ಅಭ್ಯಾಸ ನಮ್ಮಲ್ಲಿ ಇಲ್ಲ. ತಳ್ಳಿದ. ಒಳಗೆ ಬೆಚ್ಚಗೆ, ಸುಖವಾಗಿ, ಏಲಕ್ಕಿಯ ಘಮ. ಅದೇ ಅವನಿಗೆ ಎಲ್ಲಕ್ಕಿಂತ ಭಯಂಕರವಾಗಿ ಕಂಡಿತು. ಮೇಜಿನ ಮೇಲೆ ಎರಡು ಕಪ್ಪುಗಳು, ಹೆಚ್ಚಿಟ್ಟ ನಿಸು, ಸಕ್ಕರೆಯ ಬಟ್ಟಲು. ಸೈಮಿ ಕುರ್ಚಿಯಿಂದ ಜಾರಿ ಚಿಂದಿ ಹಾಸಿನ ಮೇಲೆ ಬಿದ್ದಿದ್ದಳು. ಕೆನ್ನೆ ಕೆಂಪಗೆ, ಯಾರೋ ನಗಿಸಿದ ಹಾಗೆ.

"ಸೈಮಿ! ಏ ಸೈಮಿ!"

ಅಲುಗಾಡಲಿಲ್ಲ. ಉಸಿರಿದೆಯೋ ಇಲ್ಲವೋ ನೋಡಲೂ ಅವನಿಗೆ ಹೆದರಿಕೆ. ಇಲ್ಲ ಎಂದು ತಿಳಿದುಬಿಟ್ಟರೆ? ನೋಡದೆಯೇ ಹಾಸಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದ. ಅವನ ತಲೆಯೂ ಆಗಲೇ ಧಿಂ ಎನ್ನುತ್ತಿತ್ತು. ಹೊಸ್ತಿಲು ದಾಟಿಸಿ ಮೆಟ್ಟಿಲ ಮೇಲೆ ತಂದ. ಕೋಟು ಬಿಚ್ಚಿ ಅವಳಿಗೆ ಹೊದಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಳಿಗೆ ಬೆನ್ನು ಕೊಟ್ಟು ಕೂತ. ಆಗ ಅವಳ ಬಾಯಿಂದ ಸಣ್ಣಗೆ ಹಬೆ ಬಂತು. ನಿಂತಿತು. ಮತ್ತೆ ಬಂತು. ನೆಸ್ಟರ್ ಆ ಹಬೆಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಒಂದು ಹಬೆಗೂ ಇನ್ನೊಂದು ಹಬೆಗೂ ನಡುವೆ ಅವನ ಜೀವ ಹೋಗಿ ಹೋಗಿ ಬರುತ್ತಿತ್ತು.

ಮೆಲ್ವಿನ್ ಹಿಮದಲ್ಲಿ ಈಜುತ್ತ ಏದುಸಿರು ಬಿಡುತ್ತ ಬಂದ. ನೆಸ್ಟರನ ಗಲ್ಲದಿಂದ ಎದೆಯವರೆಗೆ ಇಳಿದ ರಕ್ತ ನೋಡಿದ. ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಹೀಟರ್ ಆರಿಸಿ ಕಿಟಕಿಗಳನ್ನು ತೆರೆದ. ಆಮೇಲೆ ಓಡಿಹೋಗಿ ಗೋಡೆಯ ಬದಿಯ ಹಿಮವನ್ನು ಬರಿಗೈಯಲ್ಲಿ ತೋಡತೊಡಗಿದ. ಆಂಬುಲೆನ್ಸ್ ಬಂದಾಗ ದಾರಿ ತೆರೆದಿತ್ತು. ಅದು ನೇರ ಮೆಟ್ಟಿಲವರೆಗೂ ಬಂದು ನಿಂತಿತು.

ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋದವನು ಮೆಲ್ವಿನ್ನೇ. ಸೈಮಿಗೆ ಎಚ್ಚರವಾಗಿದೆ, ಮಾತಾಡುತ್ತಿದ್ದಾಳೆ ಎಂದು ಸುದ್ದಿ ಬಂದಿತ್ತು. ಆದರೂ ನೆಸ್ಟರ್ ಕೋಣೆಯ ಹೊರಗೆ ಟೋಪಿ ಹಿಸುಕುತ್ತ ನಿಂತುಬಿಟ್ಟ.

"ಹೋಗೋ ಒಳಗೆ," ಎಂದ ಮೆಲ್ವಿನ್.

"ಹೆದ್ರಿಕೆ ಆಗತ್ತೆ ಕಣೋ."

ಮೆಲ್ವಿನ್ ಬಾಗಿಲು ತೆರೆದು ಹಿಡಿದ.

ಸೈಮಿಯ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಮುಖ ಇಳಿದಿತ್ತು. ನೆಸ್ಟರ್ ಕುರ್ಚಿಯ ತುದಿಯಲ್ಲಿ ಕೂತ.

"ನಾನೇ ಮಾಡಿದ್ದು, ಸೈಮಿ," ಎಂದ. ಊದಿದ ತುಟಿಗೆ ಮಾತು ತೊದಲುತ್ತಿತ್ತು. "ಗಾಳಿ ತಿರುಗಿತ್ತು. ಗೋಡೆಗೆ ಹಿಮ ಸುರಿದಿದ್ದು ನಾನೇ. ವಾಲ್‌ಫ್ರಿಡ್ ನೆಟ್ಟ ಗೂಟಾನೂ ನಾನೇ ಮುರಿದೆ. ಪೊಲೀಸಿಗೆ ಬೇಕಾದ್ರೆ ಹೇಳು. ನಾನಿನ್ನು ನಿಮ್ಮನೆ ಕಡೆ ಬರಲ್ಲ."

"ನೀನೇ ಅಂತ ಗೊತ್ತು," ಎಂದಳು ಸೈಮಿ.

"ಗೊತ್ತಾ?"

"ಕಿಟಕೀಲಿ ನಿಂತು ನೋಡ್ತಾನೇ ಇದ್ನಲ್ಲ. ನೀನು ಸೊಂಡಿಲು ತಿರುಗಿಸಿದ್ದೂ ನೋಡ್ದೆ, ಕೊಳವೆ ಮುಚ್ಚಿದ್ದೂ ನೋಡ್ದೆ."

"ಮತ್ತೆ... ಮತ್ತೆ ಕೂಗಿ ಹೇಳ್ಬಾರ್ದಿತ್ತಾ!"

"ಕಾಫಿಗೆ ಒಳಗೆ ಬರ್ತೀಯಲ್ಲ, ಆಗ ಹೇಳೋಣ, ಇಬ್ರೂ ಹೋಗಿ ತೆಗೆಯೋಣ ಅಂತಿದ್ದೆ." ಅವಳು ಸ್ವಲ್ಪ ಹೊತ್ತು ಉಸಿರೆಳೆದುಕೊಂಡಳು. "ನೀನು ಬರ್ಲಿಲ್ಲ. ಆಚೆ ಕೈ ತೋರ್ಸಿದ್ಯಲ್ಲ, ಆ ಕೆಲಸ ಮುಗಿಸ್ಕೊಂಡು ಬರ್ತೀಯೇನೋ ಅಂತ ಕಾಫಿ ಬಿಸಿ ಇಟ್ಕೊಂಡು ಕೂತೆ. ಅಷ್ಟು ಬೇಗ ಹೊಗೆ ಒಳಗೆ ತುಂಬತ್ತೆ ಅನ್ಕೊಂಡಿರ್ಲಿಲ್ಲ. ಕಾಯ್ತಾ ಕಾಯ್ತಾ ತಲೆ ಭಾರ ಆಯ್ತು."

ನೆಸ್ಟರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬಾಗಿಲಲ್ಲಿ ನಿಂತಿದ್ದ ಮೆಲ್ವಿನ್ ಎಲ್ಲವನ್ನೂ ಕೇಳಿಸಿಕೊಂಡ. ಅಂಗಡಿಯಲ್ಲಿ ತಾನು ಆಡಿದ ಮಾತು ಅವನಿಗೆ ನೆನಪಾಗಿರಬೇಕು. ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಕೊಂಡ. ಆ ಚಳಿಗಾಲ ಪೂರ್ತಿ ಸಹಕಾರಿ ಅಂಗಡಿಯ ಒಲೆಯ ಮುಂದೆ ಅವನ ದನಿಯೇ ಕೇಳಲಿಲ್ಲ.

ಫೆಬ್ರವರಿಯಲ್ಲಿ ಸೈಮಿ ಮನೆಗೆ ಬಂದಳು. ಗೋಡೆಯ ಮುಂದೆ ಮೂರು ಹೊಸ ಗೂಟಗಳು ನಿಂತಿದ್ದವು, ಕಬ್ಬಿಣದವು, ಮನುಷ್ಯನೆತ್ತರದವು, ಬೆಂಕಿಯಷ್ಟು ಕೆಂಪಗಿನವು. ಅವನ್ನು ನೆಟ್ಟವರು ನೆಸ್ಟರ್ ಮತ್ತು ಮೆಲ್ವಿನ್. ನೆಲ ಕಲ್ಲಾಗಿದ್ದರಿಂದ ಒಂದೊಂದಕ್ಕೂ ಬೆಂಕಿ ಹಾಕಿ ಕರಗಿಸಬೇಕಾಯಿತು. ನೆಸ್ಟರ್ ಅಂದಿನಿಂದ ಯಂತ್ರ ಮುಟ್ಟುವ ಮೊದಲು ಬಾಗಿಲು ತಟ್ಟುತ್ತಾನೆ. ಮೊದಲು ಕಾಫಿ, ಆಮೇಲೆ ಹಿಮ. ಊರಲ್ಲಿ ಯಾರೂ ಕೇಳಿರದ ಪದ್ಧತಿ, ಆದರೂ ಯಾರೂ ನಗಲಿಲ್ಲ.

ಅವನ ಹೆದರಿಕೆ ಹೋಯಿತೇ ಎಂದರೆ, ಎಲ್ಲಿಂದ ಹೋಗಬೇಕು. ಮೊದಲ ದಿನವೂ ಕಾಫಿ ಕಪ್ ತಟ್ಟೆಗೆ ಕಟಕಟ ಬಡಿಯಿತು. ಸೈಮಿ ನೋಡಿಯೂ ನೋಡದ ಹಾಗೆ ಸಕ್ಕರೆಯ ಬಟ್ಟಲನ್ನು ಮುಂದೆ ತಳ್ಳಿದಳು. ನೆಸ್ಟರ್ ಒಂದು ತುಂಡು ತೆಗೆದು, ಇನ್ನೂ ಮಾಯದ ತುಟಿಗಳ ನಡುವೆ, ಹಲ್ಲಿನಲ್ಲಿ ಕಚ್ಚಿಕೊಂಡ.

"ಉರಿಯತ್ತಾ?" ಎಂದು ಕೇಳಿದಳು.

ಹ್ಞೂಂ ಎಂದು ತಲೆಯಾಡಿಸಿದ. ಕಣ್ಣಲ್ಲಿ ನೀರಿತ್ತು. ಉಗುಳಲಿಲ್ಲ.